ಟಾರ್ಕ್ ರೆಂಚ್ ಆಮೇಲೆ ತಗೊಳ್ಳಿ, ಮೊದಲು ಬೋಲ್ಟಿನ ತೂತು ಒಣಗಿಸಿ

ಕಾರವಾರದ ಉಪ್ಪುಗಾಳಿಗೆ ತುಕ್ಕು ಹಿಡಿದ ಹಳೇ ಸ್ಯಾಂಟ್ರೋ, ಟೈಮಿಂಗ್ ಬೆಲ್ಟ್ (ಪಿಸ್ಟನ್ನಿಗೂ ವಾಲ್ವಿಗೂ ತಾಳ ಕೂಡಿಸುವ ಎಂಜಿನ್ ಬೆಲ್ಟ್) ಮನೆಯಲ್ಲೇ ಬದಲಿಸುವ ಆಸೆ, ಟಾರ್ಕ್ ರೆಂಚ್ (ಇಟ್ಟ ಅಂಕಿಯಷ್ಟು ಬಲ ಬಿದ್ದಾಗ ಟಕ್ ಅನ್ನುವ ಸ್ಪ್ಯಾನರ್) ಬೇಕೇ ಬೇಕಾ ಅಥವಾ ಕೈ ಅಂದಾಜು ಸಾಕಾ ಅಂತ ಕೇಳಿದ್ದೀರಿ. ನಾನು ಟಾರ್ಕ್ ರೆಂಚ್ ತಗೊಂಡೇ ಕೆಲಸ ಮಾಡಿದವನು. ಆದರೂ ಎಂಜಿನ್ನಿನ ಹೆಡ್ (ವಾಲ್ವ್ ಇರುವ ಮೇಲ್ಭಾಗ) ಬಿಚ್ಚಿಸಬೇಕಾಯ್ತು.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ, ಗಾಡಿ ಹಳೇ ಡೀಸೆಲ್ ಕಾರು. ವರ್ಷಾನುಗಟ್ಟಲೆ ತೆಂಗಿನ ಮರದ ಕೆಳಗೆ ನಿಂತದ್ದು. ಬೆಲ್ಟ್ ಕವರಿನ ಬೋಲ್ಟುಗಳೆಲ್ಲ ಕಾವಿ ಬಳಿದ ಹಾಗೆ ಕೆಂಪಾಗಿದ್ದವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟೆ. ಅಲ್ಲಿಯವರೆಗೆ ಸರಿ ಇತ್ತು. ಬೆಳಿಗ್ಗೆ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಗಾಲಿ) ಬೋಲ್ಟ್ ಕಿರ್ರ್ ಅಂತ ಕೂಗುತ್ತಾ ಬಂತು, ಹಳೇ ಬೆಲ್ಟ್ ತೆಗೆದೆ, ಪುಲ್ಲಿಗಳ ಮೇಲಿನ ಮಾರ್ಕ್ ಎಲ್ಲ ಕೂಡಿಸಿ ಹೊಸದು ಹಾಕಿದೆ, ಟೆನ್ಷನ್ ಕೊಟ್ಟೆ, ಅದೇ ಬೋಲ್ಟ್ ಬಟ್ಟೆಯಲ್ಲಿ ಒರೆಸಿ ವಾಪಸ್ ತಿರುಗಿಸಿದೆ.

ಬೋಲ್ಟ್ ಒರೆಸಿದೆ, ತೂತು ಒರೆಸಲಿಲ್ಲ. ನನ್ನ ಇಡೀ ಕಥೆ ಇಷ್ಟೇ. ಆದರೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವಿಡಿಯೋ ಮಾಡುವವರು ಯಾರೂ ಈ ಭಾಗ ತೋರಿಸುವುದಿಲ್ಲ.

ಆ ತೂತು ಆಚೆ ಕಡೆ ತೆರೆದಿರಲಿಲ್ಲ, ತಳ ಮುಚ್ಚಿದ ತೂತು. ರಾತ್ರಿ ಹೊಡೆದ ಎಣ್ಣೆ, ಬೋಲ್ಟ್ ಬಿಚ್ಚುವಾಗ ಉದುರಿದ ತುಕ್ಕಿನ ಪುಡಿ, ಎರಡೂ ಸೇರಿ ತಳದಲ್ಲಿ ಕೂತಿದ್ದವು. ಎಣ್ಣೆಯನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಬೋಲ್ಟ್ ಕೆಳಗೆ ಇಳಿದಂತೆ ಅದಕ್ಕೆ ಹೋಗಲು ಜಾಗ ಇಲ್ಲ, ಅದು ಬೋಲ್ಟನ್ನೇ ಮೇಲಕ್ಕೆ ತಳ್ಳುತ್ತದೆ. ಕೈಗೆ ಬಿಗಿ ಅನಿಸುತ್ತದೆ. ರೆಂಚ್‌ಗೂ ಬಿಗಿ ಅನಿಸುತ್ತದೆ. ಆದರೆ ಬೋಲ್ಟಿನ ತಲೆ ಟೆನ್ಷನರನ್ನು ಹಿಡಿದಿರುವುದಿಲ್ಲ, ಸುಮ್ನೆ ಮುಟ್ಟಿಕೊಂಡು ಕೂತಿರುತ್ತದೆ ಅಷ್ಟೇ. ನಾನು ರೆಂಚನ್ನು 25 ನ್ಯೂಟನ್ ಮೀಟರ್‌ಗೆ (ತಿರುಗಿಸುವ ಬಲದ ಅಳತೆ) ಸೆಟ್ ಮಾಡಿ ಎಳೆದೆ, ಟಕ್ ಅಂತು. ಆ ಟಕ್ ಕೇಳಿ ಎಷ್ಟು ಖುಷಿ ಅಂದ್ರೆ, ತಮ್ಮನನ್ನು ಕರೆದು ಇನ್ನೊಮ್ಮೆ ಟಕ್ ಅನಿಸಿ ತೋರಿಸಿದೆ. (ಅದನ್ನೂ ಮಾಡಬಾರದು. ಎರಡನೇ ಸಲ ಎಳೆದರೆ ಬೋಲ್ಟ್ ಇನ್ನಷ್ಟು ತಿರುಗಬಹುದು.)

ಬೋಲ್ಟ್ ಮೊದಲೇ ಸೂಚನೆ ಕೊಟ್ಟಿತ್ತು. ಕೊನೆಯ ಎರಡು ಮೂರು ಸುತ್ತು ಬೆರಳಲ್ಲಿ ಹೋಗಲಿಲ್ಲ, ಸ್ಪ್ಯಾನರ್ ಬೇಕಾಯ್ತು. ತುಕ್ಕು ಇರಬೇಕು ಬಿಡು ಅಂದುಕೊಂಡೆ.

ಕೆಲವು ವಾರ ಗಾಡಿ ಚೆನ್ನಾಗೇ ಓಡಿತು. ಎಂಜಿನ್ ಕಾದು ತಣಿದು ಕಾದು ತಣಿದು ಆ ಎಣ್ಣೆ ಬೋಲ್ಟಿನ ಥ್ರೆಡ್ (ಸುರುಳಿ ಗೆರೆ) ಸಂದಿಯಿಂದ ಮೇಲೆ ಜಿನುಗಿದೆ, ಬೋಲ್ಟ್ ಸಡಿಲಾಗಿದೆ. ಹುಬ್ಬಳ್ಳಿಗೆ ಹೊರಟಿದ್ದೆವು. ಅರಬೈಲ್ ಘಾಟಿನಲ್ಲಿ ಲಾರಿಯ ಹಿಂದೆ ಎರಡನೇ ಗೇರಲ್ಲಿ ಹತ್ತುವಾಗ ಕವರಿನ ಒಳಗೆ ಬೆಲ್ಟ್ ಬಡಿಯುವ ಸದ್ದು ಶುರುವಾಯ್ತು, ಏನಪ್ಪಾ ಇದು ಅನ್ನುವಷ್ಟರಲ್ಲಿ ಎಂಜಿನ್ ಬಂದ್. ಟೈರಿಗೆ ಕಲ್ಲು ಕೊಟ್ಟು ನಿಂತೆವು. ಯಲ್ಲಾಪುರಕ್ಕೆ ಎಳೆಸಿಕೊಂಡು ಹೋದ ಮೇಲೆ ಅಲ್ಲಿನ ಮೆಕ್ಯಾನಿಕ್ ಕವರ್ ತೆಗೆದು ಟೆನ್ಷನರ್ ಬೋಲ್ಟನ್ನು ಎರಡೇ ಬೆರಳಲ್ಲಿ ತಿರುಗಿಸಿದರು.

"ಇದನ್ನು ಯಾರು ಟೈಟ್ ಮಾಡಿದ್ದು ತಮ್ಮಾ?"

"ನಾನೇ ಅಣ್ಣಾ. ಟಾರ್ಕ್ ರೆಂಚಲ್ಲೇ ಮಾಡಿದ್ದು."

ಅವರು ಏನೂ ಹೇಳಲಿಲ್ಲ. ತಂತಿಯ ತುದಿಗೆ ಹತ್ತಿ ಸುತ್ತಿ ತೂತಿಗೆ ಇಳಿಸಿ ತೆಗೆದರು. ಹತ್ತಿಯ ಮೇಲೆ ಕರಿಗೆಂಪು ಗಸಿ. ಬೆಲ್ಟ್ ಸಡಿಲಾಗಿ ತಾಳ ತಪ್ಪಿ ಪಿಸ್ಟನ್ ಬಡಿದು ವಾಲ್ವ್ ಬೆಂಡ್, ಹೆಡ್ ಇಳಿಸಬೇಕು, ಗ್ಯಾಸ್ಕೆಟ್ ಹೊಸದು. ಬಿಲ್ ಬಗ್ಗೆ ಕೇಳಬೇಡಿ.

ಅದಕ್ಕೇ ಹೇಳ್ತಿದ್ದೇನೆ, ರೆಂಚಾ ಕೈಯಾ ಅನ್ನುವ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಿಂದ ಶುರುವಾಗಿದೆ. ಟಾರ್ಕ್ ರೆಂಚ್ ಅಳೆಯುವುದು ತಿರುಗಿಸಲು ಬೇಕಾದ ಬಲವನ್ನು, ಬೋಲ್ಟ್ ಎಷ್ಟು ಗಟ್ಟಿಯಾಗಿ ಹಿಡಿದಿದೆ ಅನ್ನುವುದನ್ನಲ್ಲ. ನೀವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ನೂರಕ್ಕೆ 90 ಭಾಗ ಥ್ರೆಡ್ಡಿನ ಮತ್ತು ತಲೆಯ ಕೆಳಗಿನ ಉಜ್ಜಾಟಕ್ಕೇ ಹೋಗುತ್ತದೆ. ಉಳಿದ ಚೂರು ಮಾತ್ರ ನಿಜವಾದ ಹಿಡಿತ. ಮುಚ್ಚಿದ ತೂತಲ್ಲಿ ಎಣ್ಣೆ ನಿಂತರೆ ಹಿಡಿತ ಸುಳ್ಳು. ಅದೇ ಎಣ್ಣೆ ತೆರೆದ ತೂತಿನ ಥ್ರೆಡ್ಡಿಗೆ ಹತ್ತಿದರೆ ಉಜ್ಜಾಟ ಕಡಿಮೆಯಾಗಿ, ಅದೇ ಅಂಕಿಗೆ ಬೋಲ್ಟ್ ಜಾಸ್ತಿ ಬಿಗಿಯಾಗುತ್ತದೆ, ಅಲ್ಯೂಮಿನಿಯಂ ಆದರೆ ಥ್ರೆಡ್ಡೇ ಕಿತ್ತು ಬರಬಹುದು. ಮ್ಯಾನ್ಯುವಲ್‌ನಲ್ಲಿ ಎಣ್ಣೆ ಹಚ್ಚಿ ಅಂತ ಬರೆದಿಲ್ಲ ಅಂದ್ರೆ ಒಣ ಥ್ರೆಡ್ಡಿಗೆ ಕೊಟ್ಟ ಅಂಕಿ ಅಂತಲೇ ತಿಳಿಯಿರಿ.

ನಾನೀಗ ಮಾಡುವುದು ಹೀಗೆ. ತೂತಿಗೆ ಬ್ರೇಕ್ ಕ್ಲೀನರ್ (ಎಣ್ಣೆ ತೊಳೆದು ಬೇಗ ಆರುವ ಸ್ಪ್ರೇ) ಹೊಡೆಯುತ್ತೇನೆ, ಹತ್ತಿ ಬೆಳ್ಳಗೆ ಬರುವವರೆಗೆ ಒರೆಸುತ್ತೇನೆ, ಗಾಳಿ ಊದುತ್ತೇನೆ. ಕಣ್ಣಿಗೆ ಕನ್ನಡಕ ಇರಲಿ, ಆ ಪುಡಿ ನೇರ ಮುಖಕ್ಕೇ ಹಾರುತ್ತದೆ. ಬೋಲ್ಟಿಗೆ ವೈರ್ ಬ್ರಷ್. ಆಮೇಲೆ ಟೆನ್ಷನರ್ ಇಲ್ಲದೆ ಬರೀ ಬೋಲ್ಟನ್ನು ಬೆರಳಲ್ಲಿ ಪೂರ್ತಿ ಒಳಗೆ ಬಿಟ್ಟು ನೋಡುತ್ತೇನೆ. ಬೆರಳಲ್ಲಿ ಹೋಗದಿದ್ದರೆ ರೆಂಚ್ ಮುಟ್ಟುವುದೇ ಇಲ್ಲ. ನಮ್ಮ ಕರಾವಳಿಯಲ್ಲಿ ಇಷ್ಟು ತುಕ್ಕು ಹಿಡಿದ ಬೋಲ್ಟನ್ನು ಉಳಿಸುವುದಕ್ಕಿಂತ ಅದೇ ಅಳತೆಯ, ಅದೇ ಗ್ರೇಡಿನ ಹೊಸದು ಹಾಕುವುದು ಒಳ್ಳೆಯದು. ತಲೆಯ ಮೇಲೆ 8.8 ಅಂತೆಲ್ಲ ಬರೆದಿರುತ್ತದೆ, ನೋಡಿ ತಗೊಳ್ಳಿ.

ರೆಂಚ್ ಬೇಕಾ ಅಂದ್ರೆ, ಬೇಕು. ಆದರೆ 40ರಿಂದ 200 ನ್ಯೂಟನ್ ಮೀಟರ್‌ವರೆಗಿನದ್ದು ತಂದು ಮೋಸ ಹೋಗಬೇಡಿ, ಸಣ್ಣ ಬೋಲ್ಟಿಗೆ ಅದು ಟಕ್ ಅನ್ನುವ ಮೊದಲೇ ಥ್ರೆಡ್ ಹೋಗಿರುತ್ತದೆ. ಯೂನಿಟ್ ಸರಿಯಾಗಿ ಓದಿ. ಹಳೇ ಪುಸ್ತಕಗಳಲ್ಲಿ ಕೆಜಿ ಮೀಟರ್ ಇರುತ್ತದೆ, ಒಂದು ಕೆಜಿ ಮೀಟರ್ ಅಂದ್ರೆ ಸುಮಾರು 9.8 ನ್ಯೂಟನ್ ಮೀಟರ್. ನನ್ನ 25 ನಿಮ್ಮ ಗಾಡಿಗಲ್ಲ, ನಿಮ್ಮ ಎಂಜಿನ್ನಿನ ಅಂಕಿಯನ್ನೇ ಹುಡುಕಿ. ಅಂಕಿಯ ಜೊತೆಗೆ 90 ಡಿಗ್ರಿ ತಿರುಗಿಸಿ ಅಂತೇನಾದರೂ ಇದ್ದರೆ ಅದು ಬಿಗಿ ಮಾಡುವಾಗ ಉದ್ದಕ್ಕೆ ಹಿಗ್ಗುವ ಬೋಲ್ಟ್ ಇರಬಹುದು, ಅಂಥದ್ದನ್ನು ಮತ್ತೆ ಬಳಸಬಾರದು.

ಎಲ್ಲ ಬಿಗಿ ಮಾಡಿದ ಮೇಲೆ ಸ್ಟಾರ್ಟ್ ಮಾಡುವ ಮುಂಚೆ ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ದಂಡ) ಕೈಯಲ್ಲೇ, ಎಂಜಿನ್ ತಿರುಗುವ ದಿಕ್ಕಿಗೆ, ಎರಡು ಪೂರ್ತಿ ಸುತ್ತು ತಿರುಗಿಸಿ. ಆಗ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಒಂದು ಸುತ್ತು ಬರುತ್ತದೆ, ಮಾರ್ಕ್ ಮತ್ತೆ ಕೂಡಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ನಿಲ್ಲಿಸಿ, ಒತ್ತಬೇಡಿ.

ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಬಿಚ್ಚಲು ಸ್ಪ್ಯಾನರ್ ಸಿಕ್ಕಿಸಿ ಸೆಲ್ಫ್ ಹೊಡೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಕೈ ಮುರಿಯುತ್ತದೆ. ಟಾಪ್ ಗೇರಿಗೆ ಹಾಕಿ, ಬ್ರೇಕ್ ಮೇಲೆ ಒಬ್ಬರನ್ನು ಕೂರಿಸಿ, ಉದ್ದದ ಹ್ಯಾಂಡಲ್ ಹಾಕಿ. ಅಷ್ಟಕ್ಕೂ ಬರಲಿಲ್ಲವಾ, ಬೆಲ್ಟ್ ಮುಟ್ಟುವ ಮೊದಲೇ ಗಾಡಿ ಗ್ಯಾರೇಜಿಗೆ ಒಯ್ಯಿರಿ. ಅದೊಂದನ್ನು ಸಡಿಲ ಮಾಡಿಸಿಕೊಂಡು ಮೆಲ್ಲಗೆ ಮನೆಗೆ ಬರುತ್ತೇನೆ ಅಂತ ಮಾತ್ರ ಯೋಚಿಸಬೇಡಿ. ಆ ಬೋಲ್ಟ್ ಸಡಿಲ ಇದ್ದಾಗ ಎಂಜಿನ್ ಸ್ಟಾರ್ಟ್ ಮಾಡಲೇಬಾರದು. ಇಡೀ ಕೆಲಸ ಅವರಿಗೇ ಬಿಡಿ, ಪಕ್ಕದಲ್ಲಿ ನಿಂತು ತೂತು ಒರೆಸಿದರಾ ನೋಡಿ.