ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಅಡಿಕೆ ತೋಟಕ್ಕೆ ಹಾಕಬಹುದೇ?

ತೀರ್ಥಹಳ್ಳಿ ಕಡೆಯ ತೋಟಕ್ಕೆ ಸುಣ್ಣದ ಬದಲು ಬಳ್ಳಾರಿ ಕಡೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಕಿಟ್ಟದ (ಉಕ್ಕು ಮಾಡುವಾಗ ಬೇರ್ಪಡುವ ಕಲ್ಮಷ, ಸ್ಲ್ಯಾಗ್) ಪುಡಿ ತರಿಸಿದರೆ ರಂಜಕದ ಗೊಬ್ಬರದ ಖರ್ಚೂ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಸುಣ್ಣದ ಬದಲು ಆದೀತು, ರಂಜಕದ ಆಸೆ ಬಿಡಿ.

ಕಿಟ್ಟಕ್ಕೆ ರಂಜಕದ ಗೊಬ್ಬರ ಎಂಬ ಹೆಸರು ಬಂದದ್ದು ಯುರೋಪಿನಲ್ಲಿ. ಫ್ರಾನ್ಸಿನ ಲೊರೇನ್, ಲಕ್ಸೆಂಬರ್ಗ್ ಕಡೆಯ ಕಬ್ಬಿಣದ ಅದಿರಿನಲ್ಲಿ ರಂಜಕ ಜಾಸ್ತಿ. ಅದು ಒಳಗೇ ಉಳಿದರೆ ಉಕ್ಕು ಪೆಡಸಾಗಿ ಮುರಿಯುತ್ತದೆ. 1870ರ ದಶಕದ ಕೊನೆಯಲ್ಲಿ ಲಂಡನ್ನಿನ ಕೋರ್ಟ್ ಗುಮಾಸ್ತ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ (ಹೌದು, ಗುಮಾಸ್ತನೇ!) ಕುಲುಮೆಯ ಒಳಗೋಡೆಗೆ ಡಾಲೊಮೈಟ್ (ಸುಣ್ಣ, ಮೆಗ್ನೀಸಿಯಂ ಇರುವ ಕಲ್ಲು) ಕೊಟ್ಟು, ಕರಗಿದ ಕಬ್ಬಿಣಕ್ಕೆ ಸುಣ್ಣ ಹಾಕಿಸಿದ. ರಂಜಕವೆಲ್ಲ ಕಿಟ್ಟಕ್ಕೆ ಸೇರಿಕೊಂಡಿತು. ಅದನ್ನು ನುಣ್ಣಗೆ ಬೀಸಿ ರೈತರಿಗೆ ಮಾರಿದರು. ಗೊಬ್ಬರದ ಲೆಕ್ಕದಲ್ಲಿ ರಂಜಕ ಶೇ 15ರಿಂದ 20 ಇರುತ್ತಿತ್ತು.

ನಮ್ಮ ಅದಿರಿನಲ್ಲಿ ಅಷ್ಟು ರಂಜಕ ಇಲ್ಲ, ಹಾಗಾಗಿ ಈಗಿನ ಎಲ್‌ಡಿ ಕುಲುಮೆಯ (ಆಮ್ಲಜನಕ ಊದಿ ಉಕ್ಕು ಮಾಡುವ ಕುಲುಮೆ) ಕಿಟ್ಟದಲ್ಲೂ ಎರಡು ಮೂರು ಶೇಕಡಾ ಸಿಕ್ಕರೆ ಹೆಚ್ಚು. ಅದರಲ್ಲಿರುವುದು ಮುಖ್ಯವಾಗಿ ಸುಣ್ಣ, ಶೇ 40–50ರಷ್ಟು, ಜೊತೆಗೆ ಸಿಲಿಕಾ, ಮೆಗ್ನೀಸಿಯಂ, ಮ್ಯಾಂಗನೀಸ್, ಕಬ್ಬಿಣ. ಮಳೆಗೆ ತೊಳೆದು ಹುಳಿಯಾದ ಮಲೆನಾಡಿನ ಮಣ್ಣಿಗೆ ಸುಣ್ಣ ಬೇಕೇ ಬೇಕು. ಗದ್ದೆ ಇದ್ದರಂತೂ ಸಿಲಿಕಾ ಲಾಭವೇ, ಭತ್ತದ ದಂಟು ಗಟ್ಟಿಯಾಗುತ್ತದೆ. ಜಪಾನಿನಲ್ಲಿ 1955ರಿಂದಲೇ ಕಿಟ್ಟದ ಸಿಲಿಕೇಟಿಗೆ ಅಧಿಕೃತ ಗೊಬ್ಬರದ ಮಾನ್ಯತೆ ಇದೆ.

ಮೊದಲು ಮಣ್ಣಿನ ರಸಸಾರ (ಪಿಎಚ್) ಪರೀಕ್ಷೆ ಮಾಡಿಸಿ. ಹುಳಿ ಇಲ್ಲದ ಮಣ್ಣಿಗೆ ಇದನ್ನು ಹಾಕಿದರೆ ಸತು ಮತ್ತಿತರ ಲಘು ಪೋಷಕಾಂಶಗಳು ಬೇರಿಗೆ ಸಿಗದೆ ಹೋಗುತ್ತವೆ, ಬಯಲುಸೀಮೆಯ ಎರೆ ಭೂಮಿಗಂತೂ ಬೇಡವೇ ಬೇಡ. ಕ್ರೋಮಿಯಂ, ವೆನೇಡಿಯಂನಂಥ ಭಾರಲೋಹ ಎಷ್ಟಿದೆ ಎಂಬ ವಿಶ್ಲೇಷಣೆಯ ಚೀಟಿ ಕೊಡದವರಿಂದ ಒಂದು ಚೀಲವನ್ನೂ ಕೊಳ್ಳಬೇಡಿ, ಅದರಲ್ಲೂ ಸ್ಟೇನ್‌ಲೆಸ್ ಉಕ್ಕಿನ ಕಿಟ್ಟವನ್ನು ಮುಟ್ಟಲೇಬೇಡಿ. ಪುಡಿ ನುಣ್ಣಗಿರಬೇಕು, ಜಲ್ಲಿಯಂತಿದ್ದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಲಾರಿ ಬಾಡಿಗೆ ಸೇರಿಸಿ ಲೆಕ್ಕ ಹಾಕಿ. ನಿಮ್ಮೂರಲ್ಲೇ ಸಿಗುವ ಡಾಲೊಮೈಟ್ ಅಗ್ಗವಾದರೆ ನಾನಂತೂ ಅದನ್ನೇ ಹಾಕುತ್ತೇನೆ.

ಇನ್ನೊಂದು ಮಾತು. ಉಕ್ಕಿನ ಕಾರ್ಖಾನೆಗಳಲ್ಲಿ ಕಲ್ಲಿದ್ದಲನ್ನು ಕಾಯಿಸಿ ಕೋಕ್ ಮಾಡುವ ಒಲೆಯ ಅನಿಲದಿಂದ ಅಮೋನಿಯಂ ಸಲ್ಫೇಟ್ ಕೂಡ ಬರುತ್ತದೆ. ಸುಮಾರು ಶೇ 21 ಸಾರಜನಕ, ಮೇಲೆ ಗಂಧಕ, ಅದು ನಿಜವಾದ ಗೊಬ್ಬರ. ಆದರೆ ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತದೆ. ಅದನ್ನೂ ಕಿಟ್ಟವನ್ನೂ ಒಟ್ಟಿಗೆ ಎರಚಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಮಧ್ಯೆ ಕೆಲವು ವಾರ ಬಿಡಿ.