ಎಂಜಿನಿಯರುಗಳ ಸಂಘದ ಸಂಜೆಗೆ ನಾವೂ ಹೋಗಬಹುದಾ?

ಈ ವಾರ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಸಿವಿಲ್ ಎಂಜಿನಿಯರ್, ಮೈಸೂರಿನವರು.

ಪ್ರಶ್ನೆ: ಸಾರ್, ನಾನು ಸಿವಿಲ್ ಡಿಪ್ಲೊಮಾ ಎರಡನೇ ವರ್ಷ. ಮೈಸೂರಿನ ಜೆಎಲ್‌ಬಿ ರಸ್ತೆಯಲ್ಲಿ ಓಡಾಡುವಾಗ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಅಂತ ಬೋರ್ಡ್ ನೋಡುತ್ತೇನೆ. ಒಳಗೆ ಉಪನ್ಯಾಸ ನಡೆಯುತ್ತದಂತೆ. ನಮ್ಮಂಥವರನ್ನು ಬಿಡುತ್ತಾರಾ? ಹೋದರೆ ನಮಗೆ ಏನಾದರೂ ಅರ್ಥ ಆಗುತ್ತದಾ? (ವಿದ್ಯಾರ್ಥಿ, ನಂಜನಗೂಡು)

ಉತ್ತರ: ಬಿಡುತ್ತಾರೆ ತಮ್ಮಾ, ಧೈರ್ಯವಾಗಿ ಹೋಗಿ. ಸಂಜೆಯ ಉಪನ್ಯಾಸಕ್ಕೆ ಸಾಮಾನ್ಯವಾಗಿ ಟಿಕೆಟ್ಟಿಲ್ಲ, ಸದಸ್ಯರಾ ಅಂತ ಕೇಳುವವರೂ ಇಲ್ಲ. ಎರಡು ದಿನದ ಸೆಮಿನಾರ್ ಆದರೆ ಶುಲ್ಕ ಇರುತ್ತದೆ. ಬಾಗಿಲ ಬಳಿ ರಿಜಿಸ್ಟರ್ ಇಟ್ಟಿರುತ್ತಾರೆ. ಹೆಸರು, ಕಾಲೇಜು ಬರೆದು ಒಳಗೆ ಹೋಗಿ ಕೂತುಕೊಳ್ಳಿ. ಮುಂದಿನ ಸಾಲಿನಲ್ಲಿ ನನ್ನಂಥ ಬಿಳಿತಲೆಗಳೇ ಜಾಸ್ತಿ. ಹೆದರಬೇಡಿ. ಹುಡುಗರು ಬಂದರೆ ನಮಗೆ ಖುಷಿ, ಆದರೆ ಅದನ್ನು ಮುಖದಲ್ಲಿ ತೋರಿಸಿಕೊಳ್ಳುವುದಿಲ್ಲ.

ಈ ಸಂಸ್ಥೆ ಹುಟ್ಟಿದ್ದು 1920ರಲ್ಲಿ. ರಾಯಲ್ ಚಾರ್ಟರ್, ಅಂದರೆ ಬ್ರಿಟಿಷ್ ದೊರೆಯ ಸನ್ನದು, ಸಿಕ್ಕಿದ್ದು 1935ರಲ್ಲಿ. ಕೇಂದ್ರ ಕಚೇರಿ ಕೋಲ್ಕತ್ತದ ಗೋಖಲೆ ರಸ್ತೆಯಲ್ಲಿದೆ. ನಮ್ಮ ರಾಜ್ಯ ಕೇಂದ್ರ ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿದೆ. ಮಾರ್ಚ್ 22ರ ಜಲ ದಿನ, ಮೇ 11ರ ತಂತ್ರಜ್ಞಾನ ದಿನ, ಜೂನ್ 5ರ ಪರಿಸರ ದಿನ ಬಂತೆಂದರೆ ಆಸುಪಾಸಿನಲ್ಲಿ ಒಂದು ಉಪನ್ಯಾಸ ಇದ್ದೇ ಇರುತ್ತದೆ. ದಿನ ನೋಡಿಕೊಂಡು ಮೊದಲೇ ವಿಚಾರಿಸಿ.

ಕಾರ್ಯಕ್ರಮದಲ್ಲಿ ಮೊದಲು ಪ್ರಾರ್ಥನೆ, ಸ್ವಾಗತ, ಆಮೇಲೆ ಭಾಷಣಕಾರರ ಬಯೋಡೇಟಾ ಓದುವುದು. ಈ ಬಯೋಡೇಟಾ ಮುಗಿಯುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ, ಸಹಿಸಿಕೊಳ್ಳಿ. ಭಾಷಣ ಇಂಗ್ಲಿಷ್‌ನಲ್ಲಿದ್ದರೆ ಸ್ಲೈಡಿನ ಚಿತ್ರ ನೋಡುತ್ತಾ ಇರಿ. ಪ್ರಶ್ನೋತ್ತರದ ಹೊತ್ತಿಗೆ ಎಲ್ಲರೂ ಕನ್ನಡಕ್ಕೆ ಇಳಿದಿರುತ್ತಾರೆ. ನೀವೂ ಕನ್ನಡದಲ್ಲೇ ಕೇಳಿ. ವಂದನಾರ್ಪಣೆ ಆದ ಕೂಡಲೇ ಮಾತ್ರ ಎದ್ದು ಹೋಗಬೇಡಿ. ಕಾಫಿ ಲೋಟ ಹಿಡಿದು ಮೂಲೆಯಲ್ಲಿ ನಿಂತ ನಾಲ್ಕು ಜನರ ಹತ್ತಿರ ಹೋಗಿ ನಿಲ್ಲಿ. ಯಾವ ಸೇತುವೆಯ ಪಾಯದಲ್ಲಿ ಬಂಡೆ ಸಿಗಲಿಲ್ಲ, ಯಾವ ಕಂಟ್ರಾಕ್ಟರ್ ರಾತ್ರೋರಾತ್ರಿ ಕಾಂಕ್ರೀಟ್ ಹಾಕಿಸಿದ, ಬೆಳಗ್ಗೆ ಅದನ್ನು ಹೇಗೆ ಒಡೆಸಿದರು, ಇವೆಲ್ಲ ಹೊರಗೆ ಬರುವುದು ಅಲ್ಲೇ. ವೇದಿಕೆ ಮೇಲೆ ಯಾರೂ ಇದನ್ನು ಹೇಳುವುದಿಲ್ಲ.

ನಾನು ನೋಡಿದ್ದರಲ್ಲಿ ಒಳ್ಳೆಯ ಕಾರ್ಯಕ್ರಮ ಒಂದು ಹೇಳುತ್ತೇನೆ. ಅದರಲ್ಲಿ ಭಾಷಣವೇ ಇರಲಿಲ್ಲ. ಮೇಸ್ತ್ರಿಗಳನ್ನು ಕರೆಸಿ, ಸಭಾಂಗಣದ ಹಿಂದಿನ ಅಂಗಳದಲ್ಲಿ ಸ್ಲಂಪ್ ಟೆಸ್ಟ್, ಅಂದರೆ ಹಸಿ ಕಾಂಕ್ರೀಟ್ ಎಷ್ಟು ಸಡಿಲವಾಗಿದೆ ಅಂತ ನೋಡುವ ಪರೀಕ್ಷೆ, ಮಾಡಿ ತೋರಿಸಿದರು. ನಿಮ್ಮ ಲ್ಯಾಬಿನಲ್ಲೂ ಆ ಕೋನ್ ಇರುತ್ತದೆ. ಎತ್ತರ 300 ಮಿಲಿಮೀಟರ್, ಕೆಳಬಾಯಿ 200, ಮೇಲ್ಬಾಯಿ 100. ಕಾಂಕ್ರೀಟನ್ನು ಪದರ ಪದರವಾಗಿ ತುಂಬಿ, ಒಂದೊಂದು ಪದರಕ್ಕೂ ಸರಳಿನಿಂದ 25 ಸಲ ಕುಟ್ಟಿ, ಕೋನನ್ನು ನೇರಕ್ಕೆ ಎತ್ತಬೇಕು. ಒಳಗಿನ ರಾಶಿ ಎಷ್ಟು ಕುಸಿಯಿತು ಅಂತ ಸ್ಕೇಲ್ ಇಟ್ಟು ಅಳೆಯಬೇಕು. ಮೊದಲನೆಯ ಮಿಶ್ರಣ ಸ್ವಲ್ಪ ಕುಸಿದು ನಿಂತಿತು. ಎರಡನೆಯದಕ್ಕೆ ಸೈಟಿನಲ್ಲಿ ಮಾಡುವಂತೆ ಬೇಕೆಂದೇ ಜಾಸ್ತಿ ನೀರು ಸುರಿದಿದ್ದರು. ಕೋನ್ ಎತ್ತಿದ್ದೇ ತಡ, ತಟ್ಟೆ ತುಂಬಾ ಹರಡಿಕೊಂಡಿತು. ನೀರು ಹೆಚ್ಚಾದರೆ ಗಟ್ಟಿತನ ಕಡಿಮೆ ಅಂತ ಎಂಜಿನಿಯರ್ ವಿವರಿಸಿದರು.

ಆಗ ವಯಸ್ಸಾದ ಮೇಸ್ತ್ರಿಯೊಬ್ಬರು ಎದ್ದು, "ಅದೆಲ್ಲ ಸರಿ ಸ್ವಾಮಿ. ನೀರು ಕಮ್ಮಿ ಮಾಡಿದ್ರೆ ಸಲಿಕೆ ಆಡಲ್ಲ. ಕಂಬದ ಕಂಬಿ ಸಂದಿಗೆ ಇಳಿಯಲ್ಲ. ನೀವೇ ಬಂದು ತುಂಬಿ ನೋಡಿ" ಅಂದರು. ಎಲ್ಲರೂ ನಕ್ಕರು. ಆದರೆ ಅವರು ಹೇಳಿದ್ದು ನಿಜ ತಾನೇ? ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲ ಮಾಡುವ ಪ್ಲಾಸ್ಟಿಸೈಜರ್ ಎಷ್ಟು ಹಾಕಬೇಕು, ಜಲ್ಲಿ ಯಾವ ಸೈಜಿಂದು ಇರಬೇಕು, ವೈಬ್ರೇಟರ್ ಎಷ್ಟು ಹೊತ್ತು ಇಡಬೇಕು ಅಂತೆಲ್ಲ ಚರ್ಚೆ. ಕತ್ತಲಾದರೂ ಯಾರೂ ಮೇಲೇಳಲಿಲ್ಲ. ಪುಸ್ತಕದಲ್ಲಿ "ನೀರು ಕಡಿಮೆ ಮಾಡಿ" ಅಂತ ಒಂದೇ ಸಾಲು ಇರುತ್ತದೆ. ಸಲಿಕೆ ಹಿಡಿದವನ ಕಷ್ಟ ಎದುರಿಗೆ ನಿಂತು ಮಾತಾಡಿದಾಗಲೇ ಗೊತ್ತಾಗುವುದು.

ಪ್ರಶ್ನೆ: ಎಂಜಿನಿಯರ್ಸ್ ಡೇ ಅಂದರೆ ಹಾರ, ಶಾಲು, ಭಾಷಣ ಅಷ್ಟೇನಾ? (ಗೃಹಿಣಿ, ಮಂಡ್ಯ)

ಉತ್ತರ: ಅಷ್ಟೇ ಆಗಿಬಿಟ್ಟಿದೆ ಅಮ್ಮಾ, ಸುಳ್ಳು ಯಾಕೆ ಹೇಳಲಿ. ಸೆಪ್ಟೆಂಬರ್ 15 ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ದಿನ. 1968ರಿಂದ ಅದನ್ನು ಎಂಜಿನಿಯರ್ಸ್ ಡೇ ಅಂತ ಆಚರಿಸುತ್ತಿದ್ದಾರೆ. ಭಾಷಣಗಳಲ್ಲಿ ಶಿಸ್ತು, ಸಮಯಪಾಲನೆ, ಸರ್ಕಾರಿ ಮೋಂಬತ್ತಿ ಆರಿಸಿ ಸ್ವಂತ ಮೋಂಬತ್ತಿ ಹಚ್ಚಿಕೊಂಡ ಕಥೆ ತಪ್ಪದೆ ಬರುತ್ತವೆ. ಆ ಮೋಂಬತ್ತಿ ಕಥೆ ಕೇಳಿ ಕೇಳಿ ನನಗಂತೂ ಸಾಕಾಗಿದೆ. ಅವರು ಮಾಡಿದ ಎಂಜಿನಿಯರಿಂಗ್ ಕೆಲಸವನ್ನು ಬಿಡಿಸಿ ಹೇಳುವವರು ಕಡಿಮೆ.

ಪುಣೆ ಬಳಿಯ ಖಡಕ್‌ವಾಸ್ಲಾ ಕೆರೆಯಲ್ಲಿ 1903ರಲ್ಲಿ ಅವರು ಹಾಕಿಸಿದ ಬಾಗಿಲುಗಳನ್ನೇ ತೆಗೆದುಕೊಳ್ಳಿ. ನೀರು ಗೊತ್ತಾದ ಮಟ್ಟ ದಾಟಿದರೆ ತಾವಾಗಿ ತೆರೆದುಕೊಳ್ಳುತ್ತಿದ್ದವು, ಇಳಿದರೆ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ರಾತ್ರಿ ಪ್ರವಾಹ ಬಂದಾಗ ಯಾರೋ ಓಡಿ ಬಂದು ಚಕ್ರ ತಿರುಗಿಸಬೇಕಾಗಿರಲಿಲ್ಲ. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಲು ಅವರು ಕಂಡುಕೊಂಡ ದಾರಿ ಅದು. ಅದಕ್ಕೆ ಪೇಟೆಂಟ್ ಕೂಡ ಪಡೆದರು. ಮುಂದೆ ನಮ್ಮ ಕೃಷ್ಣರಾಜಸಾಗರಕ್ಕೂ ಅಂಥ ಬಾಗಿಲು ಬಂತು. ಕೃಷ್ಣರಾಜಸಾಗರದ ಕಟ್ಟೆಯ ಕಲ್ಲು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣ ಮತ್ತು ಇಟ್ಟಿಗೆ ಪುಡಿ.

ಮಂಡ್ಯದವರು ನೀವು, ಆ ನೀರು ಕುಡಿದು ಬೆಳೆದವರು. ನಿಮ್ಮೂರಿನ ಕಾರ್ಯಕ್ರಮದ ಸಂಘಟಕರಿಗೆ ಒಂದು ಮಾತು ಹೇಳಿ. ಐದು ಭಾಷಣದ ಬದಲು ಒಂದು ಬಾಗಿಲಿನ ಮಾದರಿ ಮಾಡಿ, ಗಾಜಿನ ತೊಟ್ಟಿಯಲ್ಲಿ ನೀರು ತುಂಬಿ ಮಕ್ಕಳಿಗೆ ತೋರಿಸಲಿ. ಖರ್ಚು ಶಾಲಿಗಿಂತ ಕಡಿಮೆ.

ಪ್ರಶ್ನೆ: ನಮ್ಮ ಕಾಲೇಜಿನ ಐಟ್ರಿಪಲ್‌ಇ ವಿದ್ಯಾರ್ಥಿ ಶಾಖೆಗೆ, ಅಂದರೆ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘದ ಶಾಖೆಗೆ, ನಾನು ಕಾರ್ಯದರ್ಶಿ. ಸರ್ಟಿಫಿಕೇಟ್ ಕೊಟ್ಟರೆ ಮಾತ್ರ ಜನ ಬರುತ್ತಾರೆ. ಅಕ್ಟೋಬರಿನಲ್ಲಿ ಐಟ್ರಿಪಲ್‌ಇ ಡೇ ಇದೆ. ಏನು ಮಾಡಿದರೆ ಚೆನ್ನ? (ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ನಾನು ಸಿವಿಲ್, ಕರೆಂಟಿನ ವಿಷಯದಲ್ಲಿ ನನ್ನ ಭಾವಮೈದನೇ ಗುರು. ಅವನು ಕೆಇಬಿ, ಅಂದರೆ ಹಳೆಯ ವಿದ್ಯುತ್ ಮಂಡಳಿಯ ಕಾಲದವನು. ಅವನನ್ನು ಕೇಳಿ ಬರೆಯುತ್ತಿದ್ದೇನೆ.

ಆ ದಿನ ಬರುವುದು ಅಕ್ಟೋಬರಿನ ಮೊದಲ ಮಂಗಳವಾರ. ಈ ಸಂಸ್ಥೆಯ ಹಿರಿಯರು ಫಿಲಡೆಲ್ಫಿಯಾದಲ್ಲಿ 1884ರ ಅಕ್ಟೋಬರಿನಲ್ಲಿ ಸೇರಿ ತಾಂತ್ರಿಕ ವಿಷಯ ಮಾತಾಡಿದ್ದರ ನೆನಪಿಗೆ. ನೀವು ಕೇಕ್ ಕತ್ತರಿಸುವುದು ಬಿಟ್ಟು ಸಬ್‌ಸ್ಟೇಷನ್‌ಗೆ ಹೋಗಿ. ಪ್ರಿನ್ಸಿಪಾಲರ ಪತ್ರ ಹಿಡಿದು ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಕಚೇರಿಯಲ್ಲಿ ಅನುಮತಿ ಕೇಳಿ. ನಿಮ್ಮ ಕಡೆ 110 ಕೆವಿ (ಕಿಲೋವೋಲ್ಟ್) ಸಬ್‌ಸ್ಟೇಷನ್ ಸಿಗುತ್ತವೆ, ನಮ್ಮ ಮೈಸೂರು ಕಡೆ 66 ಕೆವಿ. ಯಾಕೆ ಹೀಗೆ ಅನ್ನುವುದೇ ಅಲ್ಲಿ ಕೇಳಬಹುದಾದ ಮೊದಲ ಪ್ರಶ್ನೆ. ಇಡೀ ಕ್ಲಾಸನ್ನು ಕರೆದುಕೊಂಡು ಹೋಗಬೇಡಿ, ಹಿಂದೆ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಎಲ್ಲರೂ ಶೂ ಹಾಕಿಕೊಳ್ಳಲಿ. ಗೆರೆ ಹಾಕಿದ ಕಡೆ ದಾಟಬಾರದು, ಸೆಲ್ಫಿಗೆ ಕೈ ಎತ್ತಲೇಬಾರದು.

ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಒಂದು ಚಿಕ್ಕ ಗಾಜಿನ ಡಬ್ಬಿ ಇರುತ್ತದೆ. ಅದು ಬ್ರೀದರ್. ಟ್ರಾನ್ಸ್‌ಫಾರ್ಮರಿನೊಳಗಿನ ಎಣ್ಣೆ ಬಿಸಿಯಾಗಿ ಹಿಗ್ಗಿದಾಗ ಗಾಳಿ ಹೊರಗೆ ಹೋಗುತ್ತದೆ, ತಣ್ಣಗಾಗಿ ಕುಗ್ಗಿದಾಗ ಒಳಗೆ ಬರುತ್ತದೆ. ಒಳಗೆ ಬರುವ ಗಾಳಿಯ ತೇವವನ್ನು ಡಬ್ಬಿಯೊಳಗಿನ ಸಿಲಿಕಾ ಜೆಲ್ ಹೀರಿಕೊಳ್ಳುತ್ತದೆ. ನೀಲಿ ಹರಳು ಇದ್ದರೆ ಒಣಗಿದೆ ಅಂತ, ಗುಲಾಬಿಗೆ ತಿರುಗಿದರೆ ಬದಲಿಸಬೇಕು ಅಂತ. ಆಪರೇಟರ್ ಅಣ್ಣನನ್ನು ಕೇಳಿ, ಮಳೆಗಾಲದಲ್ಲಿ ಎಷ್ಟು ಬೇಗ ಬಣ್ಣ ತಿರುಗುತ್ತದೆ ಅಂತ. ಆಮೇಲೆ ಆ ಅಣ್ಣನನ್ನೇ ಕಾಲೇಜಿಗೆ ಕರೆಸಿ ವೇದಿಕೆ ಮೇಲೆ ಕೂರಿಸಿ. ಬಯೋಡೇಟಾ ಓದಬೇಡಿ.

ಪ್ರಶ್ನೆ: ನಮ್ಮ ತಂದೆ ಡಿಪ್ಲೊಮಾ ಮುಗಿಸಿ, ಕೆಲಸ ಮಾಡುತ್ತಲೇ ಎಎಂಐಇ ಪಾಸಾಗಿ ಎಂಜಿನಿಯರ್ ಆದವರು. ನಾನೂ ಹಾಗೇ ಮಾಡಬಹುದಾ? (ಸೈಟ್ ಸೂಪರ್‌ವೈಸರ್, ತುಮಕೂರು)

ಉತ್ತರ: ನಿಮ್ಮ ತಂದೆಯವರ ಕಾಲ ಬೇರೆ. ಎಎಂಐಇ ಅಂದರೆ ಮೊದಲು ಹೇಳಿದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಪರೀಕ್ಷೆ. ಹಗಲು ಸೈಟ್, ರಾತ್ರಿ ಓದು, ಎ ಸೆಕ್ಷನ್, ಬಿ ಸೆಕ್ಷನ್ ಅಂತ ವರ್ಷಗಟ್ಟಲೆ ಪರೀಕ್ಷೆ ಕಟ್ಟಿ ಪಾಸಾದವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ಅದನ್ನು ಪದವಿಗೆ ಸಮ ಅಂತ ಸರ್ಕಾರ ಒಪ್ಪುವುದು 2013ರ ಮೇ 31ರೊಳಗೆ ನೋಂದಾಯಿಸಿಕೊಂಡವರಿಗೆ. ಈಗ ಸೇರಿ ಸರ್ಕಾರಿ ಕೆಲಸಕ್ಕೆ ಅದನ್ನೇ ನಂಬಿಕೊಂಡು ಕೂರಬೇಡಿ. ಡಿಪ್ಲೊಮಾದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಿ. ಕೆಲಸ ಬಿಡಲು ಆಗದಿದ್ದರೆ ಸಂಜೆ ಕಾಲೇಜು ವಿಚಾರಿಸಿ. ಸಂಘದ ಕಾರ್ಯಕ್ರಮಗಳಿಗೆ ಹೋಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದನ್ನು ಬಿಡಬೇಡಿ.

ಪ್ರಶ್ನೆ: ನಾನು ಎಂಜಿನಿಯರ್ ಅಲ್ಲ, ನಿವೃತ್ತ ಶಿಕ್ಷಕ. ಮನೆ ಗೋಡೆಯಲ್ಲಿ ಬಿರುಕು ಬಂದಿದೆ. ಇಂಥ ಉಪನ್ಯಾಸಕ್ಕೆ ಹೋಗಿ ಕೇಳಿದರೆ ನಗುತ್ತಾರಾ? (ಓದುಗರು, ಹಾಸನ)

ಉತ್ತರ: ನಗುವುದಿಲ್ಲ ಮೇಷ್ಟ್ರೇ. ಆದರೆ ವೇದಿಕೆಯ ಪ್ರಶ್ನೋತ್ತರದಲ್ಲಿ ಎದ್ದು ಮನೆ ಕಥೆ ಶುರು ಮಾಡಬೇಡಿ, ಅಧ್ಯಕ್ಷರು ಗಡಿಯಾರ ನೋಡುತ್ತಾರೆ. ಕಾಫಿ ಹೊತ್ತಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಯಾರು ಅಂತ ವಿಚಾರಿಸಿ ಹಿಡಿದುಕೊಳ್ಳಿ. ಬಿರುಕಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆದಿಟ್ಟುಕೊಳ್ಳಿ, ದೂರದಿಂದ ಇಡೀ ಗೋಡೆಯದೂ ಒಂದು ಇರಲಿ. ಕಂಬ ಮತ್ತು ಗೋಡೆ ಸೇರುವಲ್ಲಿ ನೇರ ಗೆರೆ ಬಂದಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತಾ ಹೋಗಿದ್ದರೆ ಪಾಯ ಕುಸಿದಿರಬಹುದು, ತಡ ಮಾಡಬೇಡಿ.

ಅಲ್ಲಿಯವರೆಗೆ ಮನೆಯಲ್ಲೇ ಒಂದು ಕೆಲಸ ಮಾಡಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಟ್ಟಿಯಾಗಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯಿರಿ. ಪಟ್ಟಿ ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಅಂತ ಅರ್ಥ. ಅದರ ಫೋಟೊವನ್ನೂ ಜೊತೆಗೆ ಒಯ್ಯಿರಿ. ಎಂಜಿನಿಯರ್ ಮನೆಗೆ ಬಂದು ನೋಡಬೇಕಾದರೆ ಫೀಸು ಎಷ್ಟು ಅಂತ ಅಲ್ಲೇ ಕೇಳಿಬಿಡಿ, ಸಂಕೋಚ ಬೇಡ.