ಹತ್ತು ಗುರಿ ಬರೆದುಕೊಟ್ಟಾಯ್ತು, ಈಗ ಕ್ಲಾಸಲ್ಲಿ ಏನು ಮಾಡೋದು?

ಮೇ ಕೊನೇಲಿ ಶಾಲೆ ಬಾಗಿಲು ತೆಗೆದಾಗಿಂದ ಈ ಅಂಕಣಕ್ಕೆ ಬರ್ತಿರೋದೆಲ್ಲ ಮೇಷ್ಟ್ರುಗಳ, ಟೀಚರ್‌ಗಳ ಪ್ರಶ್ನೆಗಳೇ. ತೋರಣ ಕಟ್ಟಿ ಸಿಹಿ ಹಂಚಿ ಪ್ರಾರಂಭೋತ್ಸವ ಮುಗಿಸಿದ ಮೇಲೆ ಈ ವರ್ಷ ಏನಾದ್ರೂ ಬದಲಾಯಿಸ್ಲೇಬೇಕು ಅಂತ ಎಲ್ರಿಗೂ ಅನ್ಸುತ್ತೆ, ಆಮೇಲೆ ಜುಲೈ ಬರುತ್ತೆ. ಹೆಸರು ಹಾಕ್ಬೇಡಿ ಅಂದವರ ಹೆಸರು ಬಿಟ್ಟಿದ್ದೀನಿ, ಅಂದ್ರೆ ಎಲ್ಲರದ್ದೂ ಬಿಟ್ಟಿದ್ದೀನಿ.

ಪ್ರಶ್ನೆ: ಮೇಡಂ ನಮಸ್ತೆ. ನಾನು ಚಾಮರಾಜನಗರ ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆ ಟೀಚರ್. ನಾಲ್ಕನೇ ಕ್ಲಾಸು, ಐದನೇ ಕ್ಲಾಸು ಎರಡೂ ಒಂದೇ ರೂಮಲ್ಲಿ, ಒಟ್ಟು 26 ಮಕ್ಕಳು. ಈ ವರ್ಷದ ಹತ್ತು ಗುರಿ ಬರೆದುಕೊಡಿ ಅಂದ್ರು, ಕೊಟ್ಟೆ. ಮೊದಲನೇದೇ 'ಎಲ್ಲಾ ಮಕ್ಕಳೂ ನಿರರ್ಗಳವಾಗಿ ಓದುವುದು'. ನಿಜ ಹೇಳ್ಬೇಕಂದ್ರೆ ಅರ್ಧಕ್ಕರ್ಧ ಮಕ್ಕಳು ಒತ್ತಕ್ಷರ ಬಂದ ಕೂಡ್ಲೇ ನಿಂತುಬಿಡ್ತವೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಆ ಹತ್ತು ಗುರಿ ಫೈಲಲ್ಲೇ ಇರ್ಲಿ ಬಿಡಿ, ಫೈಲು ಕೇಳ್ತು, ನೀವು ಕೊಟ್ರಿ. ನಿಮ್ಮ ಡೈರಿಯ ಹಿಂದಿನ ಪುಟದಲ್ಲಿ ಒಂದೇ ಒಂದು ಬರ್ಕೊಳ್ಳಿ, ದಸರಾ ರಜೆ ಹೊತ್ತಿಗೆ ಯಾವ ಮಗು ಏನು ಓದಿ ತೋರಿಸ್ಬೇಕು ಅಂತ, ಮಗುವಿನ ಹೆಸರು ಹಾಕಿ. 'ಎಲ್ಲಾ ಮಕ್ಕಳು' ಅಂತ ಬರೆದ್ರೆ ಯಾರ ಮುಖಾನೂ ಕಣ್ಣಿಗೆ ಬರಲ್ಲ.

ಅದಕ್ಕೆ ಮೊದ್ಲು ಯಾರು ಎಲ್ಲಿದ್ದಾರೆ ಅಂತ ಗೊತ್ತಾಗ್ಬೇಕಲ್ಲ. ಹಿಂದಿನ ಕ್ಲಾಸಿನ ಕಲಿಕೆ ನೋಡೋಕೆ ವರ್ಷದ ಶುರುವಲ್ಲಿ ಮಾಡೋ ಸೇತುಬಂಧದ ಪೂರ್ವ ಪರೀಕ್ಷೆ ಬರೆಯೋ ಪರೀಕ್ಷೆ ಆದ್ರೆ ಪಕ್ಕದವನ ಹಾಳೆ ನೋಡಿ ಬರೆದವನೂ ಪಾಸಾಗ್ತಾನೆ. ಓದು ಗೊತ್ತಾಗೋದು ಒಬ್ಬೊಬ್ರನ್ನೇ ಪಕ್ಕ ಕೂರಿಸ್ಕೊಂಡು ಓದಿಸಿದಾಗ ಮಾತ್ರ. ಅಸರ್ ಸಮೀಕ್ಷೆಯವ್ರು 2005ರಿಂದ ಹಳ್ಳಿ ಹಳ್ಳಿಗೆ ಹೋಗಿ ಓದಿನ ವಿಷಯದಲ್ಲಿ ಮಾಡ್ತಿರೋದು ಇಷ್ಟೇ ನೋಡಿ, ಒಂದು ಹಾಳೇಲಿ ಅಕ್ಷರ, ಪದ, ಒಂದನೇ ಕ್ಲಾಸ್ ಮಟ್ಟದ ಪುಟ್ಟ ಪ್ಯಾರಾ, ಎರಡನೇ ಕ್ಲಾಸ್ ಮಟ್ಟದ ಸಣ್ಣ ಕಥೆ, ಮಗು ಎಲ್ಲೀವರೆಗೆ ಓದುತ್ತೋ ಅದೇ ಅದರ ಮಟ್ಟ. ಅಂಥ ಹಾಳೆ ನೀವೇ ಕೈಯಲ್ಲಿ ಬರ್ಕೊಬಹುದು. ಮಗುವಿಗೆ ಮೂರು ನಿಮಿಷ ಅಂದ್ರೂ 26 ಮಕ್ಕಳಿಗೆ 78 ನಿಮಿಷ, ದಿನಕ್ಕೆ ಐದಾರು ಮಕ್ಕಳಂತೆ ಮಾಡಿದ್ರೆ ಒಂದು ವಾರಕ್ಕೆ ಮುಗೀತು. ಉಳಿದ ಮಕ್ಕಳು ಆ ಹೊತ್ತಲ್ಲಿ ಚಿತ್ರ ಬರೀಲಿ, ಗಲಾಟೆ ಮಾಡಿದ್ರೂ ಮಾಡ್ಲಿ, ಒಂದು ವಾರ ತಾನೆ.

ಆಮೇಲೆ ದಿನಕ್ಕೆ ಒಂದು ಪೀರಿಯಡ್ ನಾಲ್ಕು, ಐದು ಅನ್ನೋದನ್ನೇ ಮರೆತು ಓದಿನ ಮಟ್ಟದ ಪ್ರಕಾರ ಗುಂಪು ಮಾಡಿ ಕೂರಿಸಿ. ಪ್ರಥಮ್ ಸಂಸ್ಥೆಯವ್ರು ದೇಶದ ತುಂಬ ಮಾಡ್ತಿರೋದು, ನಮ್ಮಲ್ಲಿ 'ಓದು ಕರ್ನಾಟಕ' ಅಂತ 4-5ನೇ ಕ್ಲಾಸಿಗೆ ಬಂದಿದ್ದು ಇದೇ. ಐದನೇ ಕ್ಲಾಸಿನ ಹುಡುಗ ನಾಲ್ಕನೆಯವರ ಜೊತೆ ಕೂರೋಕೆ ನಾಚ್ಕೋತಾನೆ ಅಂತ ಗುಂಪಿಗೆ ಕಾವೇರಿ, ಕಪಿಲಾ, ಸುವರ್ಣಾವತಿ ಅಂತೆಲ್ಲ ಹೆಸರಿಡ್ತಾರೆ. ಯಾವ ನದಿ ದಡ್ಡರ ನದಿ ಅಂತ ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತೆ, ಅದಕ್ಕೇ ಹೆಸರಿನ ಬಗ್ಗೆ ತಲೆ ಕೆಡಿಸ್ಕೊಬೇಡಿ, ಗುಂಪು ಬೇಗ ಬೇಗ ಬದಲಾಗೋ ಹಾಗೆ ನೋಡ್ಕೊಳ್ಳಿ. ಪದದಿಂದ ಪ್ಯಾರಾಗೆ ಬಂದ ಮಗೂನ ಆವತ್ತೇ ಎಬ್ಬಿಸಿ ಮುಂದಿನ ಗುಂಪಲ್ಲಿ ಕೂರಿಸಿ, ತಿಂಗಳ ಕೊನೆಗೆ ಅಂತ ಕಾಯ್ಬೇಡಿ.

ಇನ್ನು ಒತ್ತಕ್ಷರ. ಸಾಲಾಗಿ ಪಟ್ಟಿ ಬರೆಸಿ ಬಾಯಿಪಾಠ ಹೇಳಿಸಿ ನಾವೇ ಇದನ್ನ ಕಷ್ಟ ಮಾಡಿದ್ದೀವಿ ಅಂತ ನನ್ನ ಅಭಿಪ್ರಾಯ. ಸುಮ್ನೆ ಕೂತು ನೋಡಿ, ಗ್ಗ, ದ್ದ, ಟ್ಟ, ಡ್ಡ, ಚ್ಚ, ಬ್ಬ, ಪ್ಪ, ಳ್ಳ ಇವೆಲ್ಲ ತಲೆಕಟ್ಟು ಇದ್ರೆ ಅದನ್ನ ತೆಗೆದು ಕೆಳಗೆ ಚಿಕ್ಕದಾಗಿ ಬರೆದ ಅದೇ ಅಕ್ಷರ, ಒಂದೆರಡು ಸಲ ತೋರಿಸಿದ್ರೆ ಮಗು ಹಿಡ್ಕೊಳ್ಳುತ್ತೆ. ಕಾಡೋದು ರೂಪವೇ ಬದಲಾಗೋ ಒತ್ತುಗಳು, ಮುಖ್ಯವಾಗಿ ತ, ನ, ಮ, ಯ, ರ, ಲ. ಗ್ರಹಚಾರಕ್ಕೆ ಹೆಜ್ಜೆ ಹೆಜ್ಜೆಗೂ ಎದುರಾಗೋದು ಇವೇ, ಮತ್ತು, ಅನ್ನ, ಅಮ್ಮ, ವಿದ್ಯೆ, ಚಕ್ರ, ಇಲ್ಲ. ಅದಕ್ಕೇ ಈ ಆರಕ್ಕೆ ಅಂತಲೇ ಎರಡು ವಾರ ಎತ್ತಿಡಿ. ಮೊದ್ಲು ಸಜಾತೀಯ, ಅಂದ್ರೆ ಹತ್ತು, ಅನ್ನ, ಅಮ್ಮ, ಎಲ್ಲ ಥರದ್ದು, ಮನೇಲಿ ದಿನಾ ಆಡೋ ಮಾತು. ಆಮೇಲೆ ಪುಸ್ತಕ, ವಾಕ್ಯ, ಚಕ್ರದಂಥ ವಿಜಾತೀಯ. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗಿರ್ಲಿ, ಯಾಕಂದ್ರೆ 'ಸೂರ್ಯ' ಅನ್ನುವಾಗ ಬಾಯಲ್ಲಿ ಮೊದ್ಲು ಬರೋ ರಕಾರ ಹಾಳೇಲಿ ಯ ಆದ್ಮೇಲೆ ಕೂತಿರುತ್ತೆ. ಎಡದಿಂದ ಬಲಕ್ಕೆ ಓದು ಅಂತ ಹೇಳಿಕೊಟ್ಟವರು ನಾವೇ, ಮಗು ಅದನ್ನೇ ಪಾಲಿಸಿ 'ಸೂಯರ' ಅಂದ್ರೆ ಬೈಸ್ಕೊಳ್ಳುತ್ತೆ, ಪಾಪ.

ಕಾರ್ಡು ಚಾರ್ಟು ಮಾಡೋಕೆ ಟೈಮಿಲ್ಲ ಅಂದ್ರೆ ನಿಮ್ಮ ಕಡೆ ಬಸ್ ಬೋರ್ಡ್‌ಗಳೇ ಸಾಕು, ಗುಂಡ್ಲುಪೇಟೆ, ಕೊಳ್ಳೇಗಾಲ, ಸತ್ಯಮಂಗಲ. ಮೂರೂರಿಗೆ ಮೂರು ಥರದ ಒತ್ತು.

ಪ್ರಶ್ನೆ: ನಾನು ಪ್ರೌಢಶಾಲೆ ಸಮಾಜ ವಿಜ್ಞಾನ ಮೇಷ್ಟ್ರು. ನಾಲ್ಕು ಸೆಕ್ಷನ್, ಒಂದೊಂದ್ರಲ್ಲೂ 60ರ ಹತ್ತಿರ ಮಕ್ಕಳು. ಈ ವರ್ಷ ಎಲ್ಲಾ ನೋಟ್ಸ್ ಆಯಾ ವಾರವೇ ತಿದ್ದಿ ಕೊಡ್ಬೇಕು ಅಂತ ಶಪಥ ಮಾಡಿದ್ದೀನಿ. ಆಗುತ್ತಾ?

ಉತ್ತರ: ಆಗಲ್ಲ ಸರ್. ಲೆಕ್ಕ ಹಾಕಿ, ಒಂದು ನೋಟ್‌ಬುಕ್ಕಿಗೆ ಬರೀ ಎರಡು ನಿಮಿಷ ಅಂದ್ರೂ ಒಂದು ಸೆಕ್ಷನ್‌ಗೆ ಎರಡು ಗಂಟೆ, ನಾಲ್ಕಕ್ಕೆ ಎಂಟು ಗಂಟೆ, ಪ್ರತಿ ವಾರ. ಅದ್ರ ಮೇಲೆ ಎಫ್ಎ ಅಂದ್ರೆ ವರ್ಷದ ನಡುನಡುವಿನ ಮೌಲ್ಯಮಾಪನದ ಅಂಕ ತುಂಬೋದು, ಮಕ್ಕಳ ಮಾಹಿತಿ ಹಾಕೋ ಸ್ಯಾಟ್ಸ್‌ ತಂತ್ರಾಂಶದಲ್ಲಿ ಎಂಟ್ರಿ, ಸಭೆ, ತರಬೇತಿ. ಆಗಸ್ಟ್‌ನಲ್ಲಿ ಶಪಥ ಮುರಿಯುತ್ತೆ, ಆಮೇಲೆ ಉಳಿಯೋದು ಕೆಂಪು ಟಿಕ್ಕು, ಮೊಟಕು ಸಹಿ ಅಷ್ಟೇ.

ಇನ್ನೊಂದು ಮಾತು, ಆ ನೋಟ್ಸಲ್ಲಿ ಇರೋದೇನು? ಬೋರ್ಡ್ ಮೇಲೆ ನೀವೇ ಬರೆಸಿದ ಪ್ರಶ್ನೋತ್ತರ. ಅಂದ್ರೆ ನಿಮ್ಮ ಬರಹಾನ ನೀವೇ 240 ಸಲ ತಿದ್ದುತ್ತಿದ್ದೀರಿ.

ವಾರಕ್ಕೆ ಒಂದು ಸಲ, ಪೀರಿಯಡ್ ಕೊನೇ ಐದು ನಿಮಿಷ, ಪುಸ್ತಕ ಮುಚ್ಚಿಸಿ ಅರ್ಧ ಹಾಳೇಲಿ ಒಂದೇ ಪ್ರಶ್ನೆಗೆ ಸ್ವಂತ ಮಾತಲ್ಲಿ ಎರಡು ಮೂರು ಸಾಲು ಬರೆಸಿ. 'ವಿಜಯನಗರದ ರಾಜಧಾನಿಗೆ ತುಂಗಭದ್ರೆ ದಡಾನೇ ಯಾಕೆ ಆರಿಸ್ಕೊಂಡ್ರು' ಥರದ್ದು, ಗೈಡ್‌ನಲ್ಲಿ ಸಿಗದೇ ಇರೋದು. ಹಾಳೆಗಳನ್ನ ಮೂರು ಕಟ್ಟು ಮಾಡಿ, ಗೊತ್ತಾಗಿದೆ, ಅರ್ಧ ಗೊತ್ತಾಗಿದೆ, ಇಲ್ಲವೇ ಇಲ್ಲ. ಅಂಕ ಬೇಡ. ತುಂಬ ಜನ ಮಾಡಿದ ಒಂದು ತಪ್ಪನ್ನ ಮಾರನೇ ದಿನ ಬೋರ್ಡ್ ಮೇಲೆ ಬರೆದು ಅಲ್ಲಿಂದಲೇ ಪಾಠ ಶುರು ಮಾಡಿ. ಒಂದೊಂದು ಸೆಕ್ಷನ್‌ನಲ್ಲಿ ವಾರಕ್ಕೆ ಹತ್ತು ಮಕ್ಕಳ ಹಾಳೆ ಮೇಲೆ ಮಾತ್ರ ಒಂದು ಸಾಲು ಬರೀರಿ, ಮುಂದಿನ ವಾರ ಬೇರೆ ಹತ್ತು, ಆರು ವಾರಕ್ಕೆ ಎಲ್ರದ್ದೂ ಒಂದು ಸುತ್ತು ಆಗುತ್ತೆ.

ಅಂಕ ಬೇಡ ಅಂದಿದ್ದಕ್ಕೆ ಕಾರಣ ಇದೆ. ರುತ್ ಬಟ್ಲರ್ ಅನ್ನೋ ಸಂಶೋಧಕಿ ಇಸ್ರೇಲ್‌ನ ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನ 1988ರಲ್ಲಿ ಪ್ರಕಟ ಆಯ್ತು. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಬರೆದ ಮಾತು, ಇನ್ನು ಕೆಲವರಿಗೆ ಎರಡೂ. ಬರೀ ಮಾತು ಸಿಕ್ಕವರು ಮುಂದಿನ ಕೆಲಸದಲ್ಲಿ ಸುಧಾರಿಸಿದ್ರು, ಎರಡೂ ಸಿಕ್ಕವರು ಅಂಕ ಮಾತ್ರ ಸಿಕ್ಕವರ ಹಾಗೇ ಉಳಿದ್ರು. ನಮ್ಮ ಮಕ್ಕಳನ್ನೇ ನೋಡಿ, ಪೇಪರ್ ಕೈಗೆ ಬಂದ ಕೂಡ್ಲೇ ಮೂಲೇಲಿರೋ ಅಂಕ ನೋಡಿ ಪಕ್ಕದವನದ್ದೆಷ್ಟು ಅಂತ ಇಣುಕ್ತಾರೆ, ನೀವು ಬರೆದ ಸಾಲನ್ನ ಯಾರು ಓದ್ತಾರೆ.

ತಪಾಸಣೆಗೆ ಬಂದವ್ರು ನೋಟ್ಸಲ್ಲಿ ಸಹಿ ಎಲ್ಲಿ ಅಂತಾರೆ, ಗೊತ್ತು. ಪಾಠಕ್ಕೊಂದು ಸಹಿ ಹಾಕಿ, ಆದ್ರೆ ಅದನ್ನ ತಿದ್ದಿದ್ದೀನಿ ಅಂತ ಅಂದ್ಕೊಬೇಡಿ.

ಪ್ರಶ್ನೆ: ಬೆಂಗಳೂರಿನ ಖಾಸಗಿ ಶಾಲೆ ಟೀಚರ್ ನಾನು. ಪ್ರಶ್ನೆ ಕೇಳಿದ್ರೆ ವರ್ಷಪೂರ್ತಿ ಅದೇ ನಾಲ್ಕು ಮಕ್ಕಳು ಕೈ ಎತ್ತೋದು. ಈ ಸಲ ಅದನ್ನ ಬದಲಾಯಿಸ್ಬೇಕು. ಪ್ರೈಜ್, ಸ್ಟಾರ್ ಏನಾದ್ರೂ ಇಡ್ಲಾ?

ಉತ್ತರ: ಸ್ಟಾರ್ ಇಟ್ರೆ ಆ ನಾಲ್ಕು ಮಕ್ಕಳ ಹತ್ರ ಸ್ಟಾರ್ ಜಾಸ್ತಿ ಆಗುತ್ತೆ ಅಷ್ಟೇ. ನಿಮ್ಮ ಫೋನನ್ನ ಟೇಬಲ್ ಮೇಲಿಟ್ಟು ಒಂದು ಪೀರಿಯಡ್ ಆಡಿಯೋ ರೆಕಾರ್ಡ್ ಮಾಡ್ಕೊಳ್ಳಿ, ಮನೇಲಿ ಕೇಳಿ. ಪ್ರಶ್ನೆ ಕೇಳಿದ ಮೇಲೆ ನೀವು ಎಷ್ಟು ಹೊತ್ತು ಸುಮ್ನಿರ್ತೀರಿ? ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ಹೀಗೇ ಕ್ಲಾಸುಗಳ ಟೇಪ್ ಕೇಳಿ ನೋಡಿದಾಗ ಟೀಚರ್‌ಗಳು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯ್ತಿದ್ರು. ಅದನ್ನ ಮೂರು ಸೆಕೆಂಡ್ ದಾಟಿಸಿದಾಗ ಉತ್ತರ ಉದ್ದ ಆಯ್ತು, 'ಗೊತ್ತಿಲ್ಲ' ಕಡಿಮೆ ಆಯ್ತು, ಯಾವಾಗ್ಲೂ ಬಾಯಿ ಬಿಡದ ಮಕ್ಕಳು ಮಾತಾಡಿದ್ರು. ಮೂರು ಸೆಕೆಂಡ್ ಅಂದ್ರೆ ಏನೂ ಅಲ್ಲ ಅನ್ಸುತ್ತೆ, ಕ್ಲಾಸಲ್ಲಿ ನಿಂತು ಕಾಯ್ದು ನೋಡಿ, ಬೆವರು ಬರುತ್ತೆ.

ಜೊತೆಗೆ ಕೈ ಎತ್ತೋದನ್ನೇ ನಿಲ್ಲಿಸಿ. ಹೆಸರು ಬರೆದ ಚೀಟಿಗಳನ್ನ ಒಂದು ಡಬ್ಬೀಲಿ ಹಾಕಿಡಿ, ಪ್ರಶ್ನೆ ಮೊದ್ಲು ಕೇಳಿ, ಪಕ್ಕದವರ ಜೊತೆ ಅರ್ಧ ನಿಮಿಷ ಮಾತಾಡ್ಕೊಳ್ಳೋಕೆ ಬಿಡಿ, ಆಮೇಲೆ ಚೀಟಿ ಎತ್ತಿ. ಹೆಸರು ಮೊದ್ಲು ಕರೆದುಬಿಟ್ರೆ ಉಳಿದವರೆಲ್ಲ ಯೋಚನೆ ಮಾಡೋದೇ ಬಿಡ್ತಾರೆ.

ಪ್ರಶ್ನೆ: ಹೊಸದಾಗಿ ನಲಿ-ಕಲಿ ಕ್ಲಾಸ್ ಕೊಟ್ಟಿದ್ದಾರೆ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಎಲ್ಲಾ ಒಟ್ಟಿಗೆ, ಕಲಿಕೆಯ ಕಾರ್ಡು, ಗುಂಪಾಗಿ ಕೂರೋ ತಟ್ಟೆ, ಹಂತ ಹಂತದ ಕಲಿಕಾ ಏಣಿ, ತಲೆ ತಿರುಗ್ತಿದೆ. ಈ ವರ್ಷ ಏನು ಗುರಿ ಇಟ್ಕೊಳ್ಲಿ?

ಉತ್ತರ: ನಿಮ್ಮನ್ನ ಕಾಯ್ತಾ ಸುಮ್ನೆ ಕೂತಿರೋ ಮಗು ಇರಬಾರ್ದು, ಅಷ್ಟೇ ಗುರಿ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಇದು ಶುರುವಾದಾಗ, ಆಂಧ್ರದ ರಿಷಿ ವ್ಯಾಲಿ ಮಾದರಿ ನೋಡ್ಕೊಂಡು ಬಂದ ನಮ್ಮ ಸರ್ಕಾರಿ ಮೇಷ್ಟ್ರುಗಳೇ ಕಾರ್ಡ್ ಮಾಡಿದ್ದು, ಒಬ್ಬರೇ ಟೀಚರ್ ಇರೋ ಕಡೆ ಮಗು ತನ್ನಷ್ಟಕ್ಕೆ ತಾನೇ ಮುಂದೆ ಹೋಗ್ಲಿ ಅಂತ. ಮೊದಲ ತಿಂಗಳು ಪಾಠ ಮುಗಿಸೋ ಆತುರ ಬೇಡ. ಏಣೀಲಿ ತನ್ನ ಮೆಟ್ಟಿಲು ಹುಡುಕೋದು, ಕಾರ್ಡ್ ತಗೊಳ್ಳೋದು, ತನ್ನ ತಟ್ಟೇಲಿ ಹೋಗಿ ಕೂರೋದು, ಕಾರ್ಡ್ ವಾಪಸ್ ಇಡೋದು, ಇಷ್ಟನ್ನೇ ಅಭ್ಯಾಸ ಮಾಡಿಸಿ. ಹರಿದುಹೋದ, ಕಳೆದುಹೋದ ಕಾರ್ಡ್‌ಗಳ ಪಟ್ಟಿ ಮಾಡಿ ಸಿಆರ್‌ಪಿಗೆ, ಅಂದ್ರೆ ನಿಮ್ಮ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ, ಈಗ್ಲೇ ಕೊಡಿ, ಅರ್ಧ ಗಲಾಟೆ ಕಾರ್ಡ್ ಸಿಗದೇ ಇರೋದ್ರಿಂದ್ಲೇ ಆಗೋದು.

ಪ್ರಶ್ನೆ: ನಮಸ್ಕಾರ್ರಿ ಮೇಡಂ. ವಿಜಯಪುರ ಜಿಲ್ಲಾದಾಗ ಒಂದು ಹಳ್ಳಿ ಸಾಲಿ ನಂದು. ಜೂನದಾಗ ಕ್ಲಾಸ್ ತುಂಬಿರ್ತೈತ್ರಿ, ದೀಪಾವಳಿ ಹೊತ್ತಿಗೆ ಕಬ್ಬು ಕಡ್ಯಾಕಂತ ತಂದಿ ತಾಯಿ ಮಹಾರಾಷ್ಟ್ರದ ಕಡೆ ಹೊಂಟ್ರಂದ್ರ ಹುಡುಗೋರೂ ಅವ್ರ ಹಿಂದ. ಈ ವರ್ಷ ಹಾಜರಿ ಸುಧಾರಸ್ಬೇಕಂತ ಗುರಿ ಇಟ್ಕೊಂಡೀನಿ, ಆದ್ರ ನನ್ನ ಕೈಯಾಗ ಏನೈತ್ರಿ?

ಉತ್ತರ: ಹಾಜರಿ ನಿಮ್ಮ ಕೈಯಲ್ಲಿಲ್ಲ ಸರ್, ಅದನ್ನ ಗುರಿ ಅಂತ ಬರೆದ್ರೆ ಕಬ್ಬಿನ ಸೀಸನ್ ನಿಮ್ಮನ್ನ ಫೇಲ್ ಮಾಡುತ್ತೆ. ನಿಮ್ಮ ಕೈಯಲ್ಲಿರೋದು ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳು. ಯಾರ್ಯಾರು ಹೋಗ್ತಾರೆ ಅಂತ ಊರಿಗೆಲ್ಲ ಗೊತ್ತಿರುತ್ತೆ, ಮುಂಗಡ ಮಾತಾಗೋಕೆ ಮುಂಚೇನೇ ಪಟ್ಟಿ ಮಾಡ್ಕೊಳ್ಳಿ. ಆ ಮಕ್ಕಳಿಗೆ ಪುಸ್ತಕದ ಕ್ರಮದಲ್ಲೇ ಪಾಠ ಆಗ್ಬೇಕು ಅಂತಿಲ್ಲ, ಓದು, ಕೂಡೋದು ಕಳೆಯೋದು, ಮಗ್ಗಿ, ಭಾಗಾಕಾರ ಇಷ್ಟನ್ನ ಮೊದಲ ಅವಧಿಗೇ ಎಳ್ಕೊಂಡು ಬನ್ನಿ.

ಅಜ್ಜ ಅಜ್ಜಿ ಊರಲ್ಲೇ ಉಳಿಯೋ ಮನೆಗಳಿದ್ರೆ ಅವ್ರ ಜೊತೆ ಈಗ್ಲೇ ಮಾತಾಡಿ. ಸಮಗ್ರ ಶಿಕ್ಷಣ ಯೋಜನೇಲಿ ಇಂಥ ಮಕ್ಕಳಿಗೆ ಸೀಸನಲ್ ಹಾಸ್ಟೆಲ್ ನಡೆಸೋಕೆ ಅವಕಾಶ ಇದೆ, ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ, ಠರಾವು ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿಗೆ ಜೂನ್, ಜುಲೈನಲ್ಲೇ ಅರ್ಜಿ ಕೊಡಿ, ಅಕ್ಟೋಬರ್‌ನಲ್ಲಿ ಕೊಟ್ರೆ ಮಂಜೂರಾಗೋ ಹೊತ್ತಿಗೆ ಮಕ್ಕಳು ವಾಪಸ್ ಬಂದಿರ್ತಾರೆ. ಹೋಗೋ ಮಕ್ಕಳ ತಂದೆ ತಾಯಿಗೆ ಇದೊಂದು ಹೇಳಿ ಕಳಿಸಿ: 2009ರ ಶಿಕ್ಷಣ ಹಕ್ಕು ಕಾಯ್ದೆ 5ನೇ ಸೆಕ್ಷನ್ ಪ್ರಕಾರ ಟಿಸಿ ಬರೋದು ತಡ ಆಯ್ತು ಅಂತ ಅಲ್ಲಿನ ಸರ್ಕಾರಿ ಶಾಲೆಯವ್ರು ಸೇರಿಸ್ಕೊಳ್ಳಲ್ಲ ಅನ್ನೋ ಹಾಗಿಲ್ಲ. ಮಗು ಏನೇನು ಓದುತ್ತೆ, ಯಾವ ಲೆಕ್ಕ ಮಾಡುತ್ತೆ ಅಂತ ಒಂದು ಹಾಳೇಲಿ ಬರೆದು ಸಹಿ ಸೀಲು ಹಾಕಿ ಕೊಡಿ. ರಾಜ್ಯದ ಗಡಿ ದಾಟಿದ್ರೂ ಆ ಭಾಗದಲ್ಲಿ ಕನ್ನಡ ಶಾಲೆಗಳಿವೆ, ಜತ್, ಅಕ್ಕಲಕೋಟೆ ಕಡೆ ಹೋಗೋರಾದ್ರೆ ವಿಚಾರಿಸೋಕೆ ಹೇಳಿ.

ಪ್ರಶ್ನೆ: ನಾನು ಟೀಚರ್ ಅಲ್ಲ, ಅಪ್ಪ. ಮಗಳು ಸರ್ಕಾರಿ ಶಾಲೇಲಿ ಮೂರನೇ ಕ್ಲಾಸು. ಅವಳ ಟೀಚರ್‌ಗೆ ಈ ವರ್ಷ ನಿಮ್ಮ ಗುರಿ ಏನು ಅಂತ ಕೇಳಿದ್ರೆ ತಪ್ಪಾಗುತ್ತಾ?

ಉತ್ತರ: ಹಾಗೆ ಕೇಳಿದ್ರೆ ಅವ್ರಿಗೆ ಇನ್ನೊಬ್ರು ಇನ್‌ಸ್ಪೆಕ್ಟರ್ ಬಂದ ಹಾಗಾಗುತ್ತೆ. 'ನನ್ನ ಮಗಳು ಈಗ ಏನು ಓದ್ತಾಳೆ, ದಸರಾ ಹೊತ್ತಿಗೆ ಏನು ಓದ್ಬೇಕು, ಮನೇಲಿ ನಾವೇನು ಮಾಡ್ಲಿ' ಅಂತ ಕೇಳಿ, ಯಾವ ಟೀಚರ್ರೂ ಬೇಜಾರು ಮಾಡ್ಕೊಳ್ಳಲ್ಲ. ಎಸ್‌ಡಿಎಂಸಿ ಸಭೆಗೂ ಹೋಗ್ತಾ ಇರಿ, ಕಾಯ್ದೆ ಪ್ರಕಾರ ಆ ಸಮಿತೀಲಿ ಮುಕ್ಕಾಲು ಪಾಲು ಮಕ್ಕಳ ತಂದೆ ತಾಯಿಯರೇ ಇರ್ಬೇಕು. ಅಲ್ಲಿ ಕಾಂಪೌಂಡು, ಗೇಟಿನ ಮಾತೆಲ್ಲ ಮುಗಿದ ಮೇಲೆ ಬೀರುವಿನ ಕೀ ಯಾರ ಹತ್ರ ಇದೆ ಅಂತ ಒಂದು ಮಾತು ಕೇಳಿ, ಸುಮಾರು ಶಾಲೆಗಳಲ್ಲಿ ಕಥೆ ಪುಸ್ತಕ, ಗಣಿತದ ಕಿಟ್ ಎರಡೂ ಅದರೊಳಗೇ ಇರ್ತವೆ.